ಎರಡು ಇಂಚು ಒಂದು ಸೂತ: ಕಟ್ಟಿಗೆಗೆ ದೊಡ್ಡ ತೂತು ಹಾಕಲು ಯಾವ ಬಿಟ್?

ಬಾಗಿಲಿಗೆ ಗುಂಡು ಹಿಡಿಕೆಯ ಲಾಕ್ ಕೂಡಿಸಬೇಕಾದರೆ ಹಲಗೆಯ ಮುಖಕ್ಕೆ 54 ಮಿ.ಮೀ. ತೂತು ಬೇಕು, ಅಂಚಿನಿಂದ ನಾಲಿಗೆ ಹೋಗಲು 25 ಮಿ.ಮೀ. ಹುಬ್ಬಳ್ಳಿ ಬಡಿಗೇರ ಬಾಯಲ್ಲಿ 54 ಅಂದರೆ ‘ಎರಡು ಇಂಚು ಒಂದು ಸೂತ’ (ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ). ಅಡುಗೆಮನೆ ಕಪಾಟಿನ ಆಟೋ ಹಿಂಜಿಗೆ 35, ಕಂಪ್ಯೂಟರ್ ಟೇಬಲ್ಲಿನ ವೈರು ಇಳಿಸಲು 60. ಅಂಗಡಿಗೆ ಹೋಗಿ ‘ಎಲ್ಲಕ್ಕೂ ನಡೆಯೋ ಒಂದು ಬಿಟ್ ಕೊಡ್ರಿ’ ಅನ್ನುವವರೇ ಹೆಚ್ಚು. ಅಂಥ ಬಿಟ್ ಇಲ್ಲ.

ಹೋಲಿಕೆಗೆ ತೆಗೆದುಕೊಂಡ ಕಟ್ಟಿಗೆ ಮೂರು ತರಹದ್ದು: 35 ಮಿ.ಮೀ. ದಪ್ಪದ ಸಾಗವಾನಿ ಬಾಗಿಲ ಹಲಗೆ, ಮೈಕಾ ಅಂಟಿಸಿದ 18 ಮಿ.ಮೀ. ಪ್ಲೈವುಡ್, ಹಳೆ ಚಕ್ಕಡಿಯಿಂದ ಬಿಚ್ಚಿದ ಮೂರು ಇಂಚಿನ ಜಾಲಿ ತುಂಡು. ಮಷಿನ್ ಎರಡು. ಒಂದು, ಕಟ್ಟಡ ಕೆಲಸದವರ ಕೈಯಲ್ಲಿ ಎಲ್ಲೆಡೆ ಕಾಣುವ 13 ಮಿ.ಮೀ. ಚಕ್ಕಿನ (ಬಿಟ್ ಹಿಡಿಯುವ ಬಾಯಿ) ಇಂಪ್ಯಾಕ್ಟ್ ಡ್ರಿಲ್. ಒಂದೇ ಗೇರು, ನಿಮಿಷಕ್ಕೆ 2,800 ಸುತ್ತು. ಇನ್ನೊಂದು, 18 ವೋಲ್ಟಿನ ಬ್ಯಾಟರಿ ಡ್ರಿಲ್. ಎರಡು ಗೇರು, ಮೊದಲ ಗೇರಿನಲ್ಲಿ ಸುಮಾರು 500 ಸುತ್ತು.

ಬಿಟ್‌ಗಿಂತ ಮೊದಲು ಮಷಿನ್ ತಿರುಚುವ ಮಾತು ಮುಗಿಸೋಣ, ಏಕೆಂದರೆ ದೊಡ್ಡ ತೂತಿನಲ್ಲಿ ಕೈ ಮುರಿಯುವುದು ಅಲ್ಲೇ. ಬಿಟ್ ಕಟ್ಟಿಗೆಯಲ್ಲಿ ಸಿಕ್ಕಿಬಿದ್ದ ಕ್ಷಣ ಬಿಟ್ ನಿಲ್ಲುತ್ತದೆ, ಮಷಿನ್ ತಿರುಗುತ್ತದೆ. ಬ್ಯಾಟರಿ ಡ್ರಿಲ್ಲಿನ ಡಬ್ಬಿಯ ಮೇಲೆ 50 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ, ಚಕ್ಕಿನಿಂದ 15 ಸೆಂ.ಮೀ. ಕೆಳಗಿರುವ ನಿಮ್ಮ ಮುಷ್ಟಿಗೆ ಬರುವ ಹೊಡೆತ ಸುಮಾರು 34 ಕಿಲೋ. ಪಕ್ಕದ ಹಿಡಿಕೆ ಹಾಕಿ 25 ಸೆಂ.ಮೀ. ದೂರದಲ್ಲಿ ಹಿಡಿದರೆ ಅದೇ ಹೊಡೆತ 20 ಕಿಲೋಗೆ ಇಳಿಯುತ್ತದೆ, ಅದನ್ನು ತಡೆಯಬಹುದು. ಆ ಹಿಡಿಕೆಯನ್ನು ಡಬ್ಬಿಯಲ್ಲೇ ಬಿಟ್ಟು ಕೆಲಸಕ್ಕೆ ಬರುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಹೊಡೆತ ಯಾವ ಕಡೆ ಅನ್ನುವುದೂ ಗೊತ್ತಿರಬೇಕು. ನಿಂತ ಬಾಗಿಲಿಗೆ ಎದುರಾಗಿ ಡ್ರಿಲ್ ಹಿಡಿದರೆ, ಕೆಳಗೆ ಇಳಿಬಿದ್ದ ಹಿಡಿಕೆ ಬಲಕ್ಕೆ ಚಿಮ್ಮುತ್ತದೆ. ಬಲಗಡೆ ಚೌಕಟ್ಟೋ ಗೋಡೆಯೋ ಹತ್ತಿರದಲ್ಲಿದ್ದರೆ ಬೆರಳು ನಡುವೆ ಸಿಗುತ್ತವೆ. ಬಾಗಿಲನ್ನು ಪೂರ್ತಿ ತೆರೆದು, ಕೆಳಗೆ ಎರಡೂ ಬದಿ ಬೆಣೆ ಬಡಿದು, ಬಲಗಡೆ ಒಂದು ಮೊಳ ಖಾಲಿ ಇಟ್ಟುಕೊಂಡೇ ಶುರು ಮಾಡಿ. ಬಿಡಿ ಹಲಗೆಯಾದರೆ ಎರಡು ಕ್ಲ್ಯಾಂಪ್ ಬೇಕೇ ಬೇಕು. ಒಂದೇ ಕ್ಲ್ಯಾಂಪ್ ಹಾಕಿದರೆ ಅದೇ ಗೂಟವಾಗಿ ಹಲಗೆ ಅದರ ಸುತ್ತ ತಿರುಗುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. 2,800 ಸುತ್ತಿನಲ್ಲಿ 54ರ ಹೋಲ್ ಸಾ (ಬಳೆಯ ಅಂಚಿಗೆ ಗರಗಸದ ಹಲ್ಲಿರುವ ಬಿಟ್) ಹಲ್ಲು ನಿಮಿಷಕ್ಕೆ 475 ಮೀಟರ್ ಓಡುತ್ತದೆ. ಕಟ್ಟಿಗೆ ಕೊಯ್ಯುವುದಕ್ಕಿಂತ ಸುಡುವುದೇ ಜಾಸ್ತಿ. 500 ಸುತ್ತಿನಲ್ಲಿ ಓಟ 85 ಮೀಟರಿಗೆ ಇಳಿದು ಹೊಟ್ಟು ತಣ್ಣಗೆ ಬೀಳುತ್ತದೆ, ಆದರೆ ಕೆಳ ಗೇರಿನಲ್ಲಿ ತಿರುಚುವ ಬಲ ಹೆಚ್ಚು. ಕೆಳ ಗೇರೇ ಸರಿ. ಜೊತೆಗೆ ಚಕ್ಕಿನ ಹಿಂದಿನ ಅಂಕಿಯ ಬಳೆಯನ್ನು ಡ್ರಿಲ್ ಗುರುತಿಗೆ ಇಡದೆ ಕೊನೆಯ ಅಂಕಿಗೆ ಇಡಿ. ಸಿಕ್ಕಿಬಿದ್ದಾಗ ‘ಟರ್ರ್’ ಎಂದು ಜಾರುತ್ತದೆ, ಕೈ ಉಳಿಯುತ್ತದೆ. ಒಂದೇ ಗೇರಿನ ಮಷಿನ್ನಿನಲ್ಲಿ ಬಟನ್ ಅರ್ಧ ಒತ್ತಿ ನಿಧಾನ ಓಡಿಸಬಹುದು, ಆದರೆ ಫ್ಯಾನೂ ನಿಧಾನವಾಗುವುದರಿಂದ ಮೋಟರ್ ಕಾಯುತ್ತದೆ. ಪ್ರತಿ ತೂತಿನ ನಂತರ ಅರ್ಧ ನಿಮಿಷ ಬಿಟ್ ಇಲ್ಲದೆ ಪೂರ್ತಿ ವೇಗದಲ್ಲಿ ಓಡಿಸಿ ತಂಪು ಮಾಡಿ. ಸುತ್ತಿಗೆ ಗುರುತು ಬಂದ್ ಇದೆಯೇ ನೋಡಿಕೊಳ್ಳಿ. ಗೋಡೆಗೆ ಹಾಕಿದ್ದನ್ನು ಮರೆತು ಕಟ್ಟಿಗೆಗೆ ಹಚ್ಚಿದರೆ ಹಲ್ಲು ಉದುರುತ್ತವೆ.

ಇನ್ನು ಬಿಟ್‌ಗಳು. ಅಗ್ಗದ್ದು, ಎಲ್ಲರ ಬಳಿ ಇರುವುದು ಚಪ್ಪಟೆ ಬಿಟ್. 25 ಮಿ.ಮೀ. ತನಕ ಅದರ ಮೇಲೆ ದೂರಿಲ್ಲ. 32 ದಾಟಿತೋ, ಸಾಗವಾನಿಯಲ್ಲಿ ಕುಣಿಯತೊಡಗುತ್ತದೆ, ಜಾಲಿಯಲ್ಲಂತೂ ಕೈಗೆ ಬಡಿಯುತ್ತದೆ. ತೂತು ದುಂಡಗೆ ಬರುವುದಿಲ್ಲ. ಬಿಟ್ ತಿರುಗತೊಡಗಿದ ಮೇಲೆ ಕಟ್ಟಿಗೆಗೆ ತಾಗಿಸಬೇಕು, ತಿರುಗುತ್ತಿರುವಾಗಲೇ ಹೊರಗೆ ಎಳೆಯಬೇಕು. ಹಿಂಬದಿಯಲ್ಲಿ ಮೊನೆ ಕಂಡ ಕೂಡಲೇ ನಿಲ್ಲಿಸಿ, ಆ ಚುಕ್ಕೆಯಿಂದಲೇ ಆ ಕಡೆಯಿಂದ ಕೊರೆಯಿರಿ; ಒಂದೇ ಕಡೆಯಿಂದ ನುಗ್ಗಿಸಿದರೆ ಹಿಂಬದಿಯ ಸಿಬರು ಹಪ್ಪಳದಂತೆ ಏಳುತ್ತದೆ. ಮೊಂಡಾದರೆ ಅರದಿಂದ ಮನೆಯಲ್ಲೇ ಹರಿತ ಮಾಡಬಹುದು. ಎರಡೂ ತುಟಿಗೆ ಒಂದೇ ಎಣಿಕೆಯ ಉಜ್ಜು ಕೊಡಿ. ಒಂದು ತಗ್ಗಾದರೆ ಇನ್ನೊಂದೇ ಕೊಯ್ದು ಬಿಟ್ ಓಲಾಡುತ್ತದೆ.

ಬೈರಿಗೆ ಬಿಟ್, ಅಂದರೆ ಮೊನೆಗೆ ಸ್ಕ್ರೂ ಇರುವ ಆಗರ್, ಜಾಲಿಯ ಮೂರು ಇಂಚಿಗೆ ಇದರಷ್ಟು ಚೆನ್ನಾಗಿ ಮತ್ಯಾವುದೂ ನಡೆಯಲಿಲ್ಲ. ಒತ್ತುವುದೇ ಬೇಡ, ಸ್ಕ್ರೂ ತಾನೇ ಒಳಗೆ ಎಳೆದುಕೊಳ್ಳುತ್ತದೆ, ಹೊಟ್ಟು ಸುರುಳಿಯಲ್ಲಿ ಮೇಲೆ ಬರುತ್ತದೆ. ಅದೇ ಅದರ ಅಪಾಯವೂ: ಬಟನ್ ಬಿಟ್ಟರೂ ಅರ್ಧ ಸುತ್ತು ಎಳೆಯುತ್ತದೆ, ಸಿಕ್ಕಿಕೊಂಡರೆ ಹೇಳದೆ ಕೇಳದೆ ಮಷಿನ್ ತಿರುಚುತ್ತದೆ. ಬಟನ್ ಲಾಕ್ ಒತ್ತಿ ಇದನ್ನು ಓಡಿಸುವುದು ಹುಚ್ಚುತನ. ಸಿಕ್ಕಿಕೊಂಡರೆ ಉಲ್ಟಾ ಓಡಿಸಿ ಬಿಡಿಸಬೇಕು, ಎಳೆದಾಡಬಾರದು. ಹಳೆ ಚಕ್ಕಡಿ, ಹಳೆ ಚೌಕಟ್ಟಿನ ಕಟ್ಟಿಗೆಯಾದರೆ ಮೊದಲು ಮೇಲೆಲ್ಲ ಒಂದು ಮ್ಯಾಗ್ನೆಟ್ ಓಡಿಸಿ. ಒಳಗೆ ತುಕ್ಕು ಹಿಡಿದ ಮೊಳೆ ಒಂದಿದ್ದರೂ ಸ್ಕ್ರೂ ಮೊನೆ ಹೋಯಿತು, ಬಿಟ್ ಗುಜರಿಗೆ. ಪ್ಲೈಗೆ ಮಾತ್ರ ಇದು ಬೇಡ, ಹಿಂಬದಿ ಪದರವನ್ನೇ ಕಿತ್ತುಕೊಂಡು ಹೊರಬರುತ್ತದೆ.

ಕಪಾಟಿನ ಹಿಂಜಿಗೆ ಚರ್ಚೆಯೇ ಇಲ್ಲ, ಫೋರ್ಸ್ಟ್‌ನರ್ ಬಿಟ್. ಅಮೆರಿಕದ ಒರೆಗಾನಿನಲ್ಲಿ ಬಂದೂಕು ಮಾಡುತ್ತಿದ್ದ ಬೆಂಜಮಿನ್ ಫೋರ್ಸ್ಟ್‌ನರ್ 1874ರಲ್ಲಿ ಇದರ ಪೇಟೆಂಟ್ ಪಡೆದ. ಅಂಗಡಿಯಲ್ಲಿ ‘ಹಿಂಜ್ ಬಿಟ್’ ಅಂದರೂ ಇದೇ ಜಾತಿಯದ್ದು ಸಿಗುತ್ತದೆ. ಸುತ್ತಲಿನ ಅಂಚೇ ದಾರಿ ಹಿಡಿದು ಹೋಗುವುದರಿಂದ ತಳ ಸಪಾಟಾಗಿ ಬರುತ್ತದೆ. ಲೆಕ್ಕ ನೋಡಿ: ಹಲಗೆ 18, ಹಿಂಜಿನ ಬಟ್ಟಲಿಗೆ ಆಳ 12, ಉಳಿದದ್ದು 6. ಫೋರ್ಸ್ಟ್‌ನರಿನ ನಡು ಮೊನೆ ಎರಡು ಮೂರು ಮಿ.ಮೀ. ಅಷ್ಟೇ, ಮೈಕಾ ಉಳಿಯುತ್ತದೆ. ಚಪ್ಪಟೆ ಬಿಟ್ಟಿನ ಮೊನೆ ಅರ್ಧ ಇಂಚಿನಷ್ಟಿದೆ, ಕಪಾಟಿನ ಮುಖಕ್ಕೇ ತೂತು ಬೀಳುತ್ತದೆ. ತೂತಿನ ನಡು ಹಲಗೆ ಅಂಚಿನಿಂದ 22 ಅಥವಾ 22.5 ಮಿ.ಮೀ.ಗೆ ಇರಲಿ, ಅಂಚಿನಲ್ಲಿ 4.5ರಿಂದ 5 ಮಿ.ಮೀ. ಕಟ್ಟಿಗೆ ಉಳಿಯುತ್ತದೆ. ಬಿಟ್ಟಿಗೆ 12ರ ಗುರುತಿನಲ್ಲಿ ಟೇಪ್ ಸುತ್ತುವುದಕ್ಕಿಂತ ಸ್ಕ್ರೂ ಬಿಗಿಯುವ ಕಬ್ಬಿಣದ ಬಳೆ ಒಳ್ಳೆಯದು. ಟೇಪು ಹೊಟ್ಟಿನಲ್ಲಿ ಮೇಲಕ್ಕೆ ಸರಿಯುತ್ತದೆ.

ಫೋರ್ಸ್ಟ್‌ನರಿನ ಶತ್ರು ಬಿಸಿ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಹರಿತವನ್ನು ಬೇಗ ತಿನ್ನುತ್ತದೆ. ಪ್ಲೈಯಲ್ಲಿ ಅಂಟು ಆ ಕೆಲಸ ಮಾಡುತ್ತದೆ. ಮೊಂಡಾದ ಬಿಟ್ಟನ್ನು ಒತ್ತಿ ಒತ್ತಿ ಓಡಿಸಿದರೆ ಅಂಚು ನೀಲಿಗಟ್ಟುತ್ತದೆ. ಸಾದಾ ಉಕ್ಕಿನ ಬಿಟ್ ನೀಲಿಗಟ್ಟಿತೆಂದರೆ ಹದ ಹೋಯಿತೆಂದೇ ಅರ್ಥ, ಮತ್ತೆ ಎಷ್ಟು ಹರಿತ ಮಾಡಿದರೂ ನಿಲ್ಲದು. ಮೈಕಾ ಕೆಲಸವೇ ಹೆಚ್ಚಿದ್ದರೆ ಕಾರ್ಬೈಡ್ ತುದಿಯದ್ದೇ ತೆಗೆದುಕೊಳ್ಳಿ. ಮೂರು ನಾಲ್ಕು ಮಿ.ಮೀ. ಇಳಿದ ಮೇಲೆ ಒಮ್ಮೆ ಮೇಲೆತ್ತಿ ಹೊಟ್ಟು ಉದುರಿಸಿ. ಆಷಾಢ ಶ್ರಾವಣದಲ್ಲಿ ಧಾರವಾಡದ ಮಳೆಗೆ ತೇವ ಹೀರಿದ ಕಟ್ಟಿಗೆಯಾದರೆ ಹೊಟ್ಟು ರೊಟ್ಟಿ ಹಿಟ್ಟಿನಂತೆ ಅಂಟುತ್ತದೆ, ಇನ್ನೂ ಬೇಗ ಬೇಗ ಎತ್ತಬೇಕು.

54ಕ್ಕೂ 60ಕ್ಕೂ ನಮ್ಮ ಮತ ಬೈಮೆಟಲ್ ಹೋಲ್ ಸಾಗೆ. ಒಂದು ಡಬ್ಬಿಯಲ್ಲಿ ಹತ್ತಾರು ಬಳೆ ಬರುವ ಅಗ್ಗದ ಸೆಟ್ಟೂ ಹಚ್ಚಿ ನೋಡಿದ್ದಾಯಿತು: ಪ್ಲೈಗೆ ಹೇಗೋ ನಡೆಯಿತು, ಸಾಗವಾನಿಯಲ್ಲಿ ಬಳೆ ತಳದ ತಟ್ಟೆಯಿಂದಲೇ ಜಾರಿತು. ಒಳ್ಳೆಯ ಹೋಲ್ ಸಾ ಕೂಡ ಬರೀ ಒತ್ತಿದರೆ ಹೊಗೆ ಬಿಡುತ್ತದೆ, ಏಕೆಂದರೆ ಹೊಟ್ಟು ಹೊರಬರಲು ದಾರಿಯೇ ಇಲ್ಲ. ಹಾಗಾಗಿ ಕ್ರಮ ಹೀಗಿರಲಿ. ನಡುವಿಗೆ 6 ಮಿ.ಮೀ. ಸಾದಾ ಬಿಟ್ಟಿನಿಂದ ಆರಪಾರ ತೂತು ಹಾಕಿ, ಗುಣ್ಯಾ (ಮೂಲೆಮಟ್ಟ) ಹಿಡಿದು ನೆಟ್ಟಗಿದೆಯೇ ನೋಡಿ. ಹೋಲ್ ಸಾ ಹಚ್ಚಿ ಎರಡು ಮಿ.ಮೀ. ಗೆರೆ ಬೀಳಿಸಿ ನಿಲ್ಲಿಸಿ. ಈಗ ಆ ಗೆರೆಗೆ ಸಿಗುವಂತೆ, ಆದರೆ ಗೆರೆಯ ಹೊರ ಅಂಚು ದಾಟದಂತೆ, ಒಳಗಿನ ಬಿಲ್ಲೆಯ ಕಡೆ 10 ಮಿ.ಮೀ. ತೂತೊಂದನ್ನು ಆರಪಾರ ಹಾಕಿ. ಹೊಟ್ಟೆಲ್ಲ ಅದರೊಳಗೆ ಬೀಳುತ್ತದೆ. ಹೊಗೆ ನಿಂತಿತು, ಹಲ್ಲು ತಣ್ಣಗೆ, ಒತ್ತುವ ಶ್ರಮ ಅರ್ಧಕ್ಕರ್ಧ ಇಳಿಯಿತು. ಈ ಒಂದು ತೂತು ಬಿಟ್ಟವರೇ ‘ಹೋಲ್ ಸಾ ಸರಿಯಿಲ್ಲ’ ಅನ್ನುತ್ತಾರೆ. ಅರ್ಧ ದಪ್ಪ ಇಳಿದ ಮೇಲೆ ಹಿಂದಿನಿಂದ ಬಂದು ಮುಗಿಸಿ, ಎರಡೂ ಮುಖ ಸ್ವಚ್ಛ.

ಮೈಕಾ ಇದ್ದರೆ ಇನ್ನೊಂದು ಉಪಾಯ: ಮೊದಲ ಹತ್ತು ಸುತ್ತು ಉಲ್ಟಾ ಓಡಿಸಿ. ಹಲ್ಲಿನ ಬೆನ್ನು ಮೈಕಾವನ್ನು ಗೀರುತ್ತದೆ, ಚಕ್ಕೆ ಏಳುವುದಿಲ್ಲ, ಆಮೇಲೆ ಸುಲ್ಟಾ. ಒಳಗೆ ಸಿಕ್ಕ ಬಿಲ್ಲೆ ತೆಗೆಯುವಾಗ ಬ್ಯಾಟರಿ ಅಥವಾ ಪ್ಲಗ್ ಕಿತ್ತು, ಪಕ್ಕದ ಸೀಳಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಿ. ಬರಿ ಬೆರಳು ಬೇಡ, ಬಿಲ್ಲೆಯೂ ಬಳೆಯೂ ಕಾದಿರುತ್ತವೆ.

ಲಾಕಿನ ವಿಷಯದಲ್ಲಿ 54ರದ್ದು ಮೊದಲು, 25ರದ್ದು ಆಮೇಲೆ. ಅಂಚಿನಿಂದ ತೂತಿನ ನಡುವಿಗೆ 60 ಮಿ.ಮೀ. ಇರುವ ಲಾಕಾದರೆ ಅಂಚಿನಿಂದ ಕೊರೆಯಬೇಕಾದದ್ದು ಬರೀ 33, ಆದ್ದರಿಂದ ಫೋರ್ಸ್ಟ್‌ನರೂ ಸಾಕು, ಚಪ್ಪಟೆಯೂ ಸಾಕು. 35ರ ಬಾಗಿಲಿಗೆ 25ರ ತೂತು ಅಂದರೆ ಎರಡೂ ಬದಿ ಉಳಿಯುವುದು ಐದೈದೇ ಮಿ.ಮೀ. ಹಾಗಾಗಿ ಎರಡೂ ಮುಖಕ್ಕೆ ಹಲಗೆ ತುಂಡು ಕೊಟ್ಟು ಕ್ಲ್ಯಾಂಪ್ ಬಿಗಿಯದೆ ಕೈ ಹಾಕಬೇಡಿ. ಬೈರಿಗೆ ಬಿಟ್ ಇಲ್ಲಿ ಬಾಗಿಲನ್ನೇ ಸೀಳಬಲ್ಲದು.

ನಾಲ್ಕು ಇಂಚು ಮೀರಿದರೆ ಡ್ರಿಲ್ ಬಿಟ್ಟು ರೌಟರ್ ಹಿಡಿಯಿರಿ: 6 ಮಿ.ಮೀ. ಬಿಟ್, ಒಂದು ಸಲಕ್ಕೆ ಮೂರು ಮಿ.ಮೀ. ಆಳ, ತೂತಿನ ಒಳ ಅಂಚಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ. ಜಿಗ್‌ಸಾ ತೆಳು ಪ್ಲೈಗೆ ಪರವಾಗಿಲ್ಲ. ಸಾಗವಾನಿ ದಪ್ಪದಲ್ಲಿ ಬ್ಲೇಡು ವಾಲಿ ಮೇಲೊಂದು ಕೆಳಗೊಂದು ಅಳತೆ. ಒಂದು ಕೈ ಚಾಚಿದಂತಿರುವ ಸರ್ಕಲ್ ಕಟರನ್ನು ಕೈ ಡ್ರಿಲ್ಲಿಗೆ ಹಾಕಲೇಬಾರದು, ಅದು ಸ್ಟ್ಯಾಂಡಿಗೆ ಬಿಗಿದ ಡ್ರಿಲ್ಲಿಗೆ ಮಾಡಿದ್ದು. ಗ್ರೈಂಡರಿಗೆ ಹಲ್ಲಿನ ಚಕ್ರ ಹಾಕಿ ತೂತು ಅಗಲ ಮಾಡುವವರೂ ಇದ್ದಾರೆ. ಅದನ್ನು ಹೋಲಿಕೆಗೇ ಸೇರಿಸಿಲ್ಲ.

ಕೈಗವಸು ಬೇಡ, ಹೆಗಲ ಮೇಲಿನ ಟವೆಲ್ ತೆಗೆದಿಡಿ, ಮಣಿಕಟ್ಟಿನ ದಾರ ತೋಳಿನೊಳಗೆ ಸೇರಿಸಿ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95. ಸಾಗವಾನಿ ಹೊಟ್ಟು ಕೆಲವರಿಗೆ ಚರ್ಮ ಕೆರೆಸುತ್ತದೆ. ಹಳ್ಳಿಯಲ್ಲಿ ಕೆಲಸವಿದ್ದಾಗ ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳಿ. ಬಟನ್ ಲಾಕ್ ಆಗಿದ್ದ ಮಷಿನ್, ಕರೆಂಟ್ ಬಂದ ಕ್ಷಣ ಕಟ್ಟಿಗೆಯಲ್ಲಿ ಸಿಕ್ಕ ಬಿಟ್ಟಿನ ಸಮೇತ ತಿರುಗುತ್ತದೆ.

ಕೊನೆಗೆ, ಹೆಚ್ಚಾಗಿ ಬರುವ ಪ್ರಶ್ನೆ: ಹಳೆ ಲಾಕಿನ 38ರ ತೂತು ಇದೆ, ಅದನ್ನೇ 54 ಮಾಡಬೇಕು. ನಡುವೆ ಕಟ್ಟಿಗೆಯೇ ಇಲ್ಲ, ಹೋಲ್ ಸಾದ ನಡು ಬಿಟ್ ಹಿಡಿಯುವುದೆಲ್ಲಿ? 12 ಮಿ.ಮೀ. ಪ್ಲೈ ತುಂಡಿಗೆ ಮೊದಲೇ 54ರ ತೂತು ಹಾಕಿ, ಅದನ್ನು ಬಾಗಿಲ ಮೇಲೆ ಸರಿಯಾದ ಜಾಗಕ್ಕೆ ಎರಡು ಕ್ಲ್ಯಾಂಪಿನಿಂದ ಬಿಗಿಯಿರಿ. ಹೋಲ್ ಸಾದ ನಡು ಬಿಟ್ ತೆಗೆದು, ಪ್ಲೈ ತೂತಿನೊಳಗೆ ಬಳೆ ಕೂರಿಸಿದ ಮೇಲೆ ಬಟನ್ ಒತ್ತಿ. ಪ್ಲೈ ಗೋಡೆಯೇ ಬಳೆಯನ್ನು ಹಿಡಿದಿಡುತ್ತದೆ. ಐದು ಮಿ.ಮೀ. ಇಳಿದ ಮೇಲೆ ಪ್ಲೈ ತೆಗೆದರೂ ನಡೆಯುತ್ತದೆ, ಆ ಹೊತ್ತಿಗೆ ಬಳೆಗೆ ತನ್ನದೇ ದಾರಿ ಸಿಕ್ಕಿರುತ್ತದೆ.