ಮುಖ ತೆಗೆಯುವವರಿಗೆ ಹಳೆಯ ಗುರುಗಳು: ರೈಕ್ಸ್‌ಮ್ಯೂಸಿಯಂನ ಉಚಿತ ಚಿತ್ರಸಂಗ್ರಹದ ವಿಮರ್ಶೆ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ 2012ರಿಂದ ತನ್ನ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ದೊಡ್ಡ ಗಾತ್ರದಲ್ಲಿ, ಉಚಿತವಾಗಿ ಒದಗಿಸುತ್ತಾ ಬಂದಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈ ಸೇವೆಯನ್ನು ನಾನಿಲ್ಲಿ ಒಂದೇ ಅಗತ್ಯದ ದೃಷ್ಟಿಯಿಂದ ನೋಡುತ್ತಿದ್ದೇನೆ: ಮನೆಯವರ, ನೆಂಟರಿಷ್ಟರ, ಗೆಳೆಯರ ಮುಖಗಳನ್ನು ಚೆನ್ನಾಗಿ ತೆಗೆಯಬೇಕೆಂಬ ಆಸೆಯುಳ್ಳ ಹವ್ಯಾಸಿ ಛಾಯಾಗ್ರಾಹಕರಿಗೆ ಇದು ಎಷ್ಟರಮಟ್ಟಿಗೆ ಉಪಯುಕ್ತ? ನೆರಳನ್ನು ಎಲ್ಲಿ, ಎಷ್ಟು ಉಳಿಸಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಮೊದಲು ನೋಡಬೇಕಾದದ್ದು ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ 1628ರ ಸುಮಾರಿಗೆ, ತನ್ನ ಇಪ್ಪತ್ತೆರಡನೆಯ ವಯಸ್ಸಿನ ಹೊತ್ತಿಗೆ ಬರೆದ ಸ್ವಂತ ಭಾವಚಿತ್ರ. ಫೋಟೋಗ್ರಫಿ ಕಲಿಸುವವರು ‘ರೆಂಬ್ರಾಂಟ್ ಲೈಟಿಂಗ್’ ಎಂದು ಹೇಳಿಕೊಡುವುದು ನೆರಳಿನ ಬದಿಯ ಕೆನ್ನೆಯ ಮೇಲೆ ಒಂದು ಪುಟ್ಟ ಬೆಳಕಿನ ತ್ರಿಕೋನವನ್ನು. ಆದರೆ ಈ ಚಿತ್ರದಲ್ಲಿ ಅಂಥ ಸೂತ್ರವೇನೂ ಇಲ್ಲ. ಬೆಳಕು ಬಲಗೆನ್ನೆಯನ್ನು ಸವರಿಕೊಂಡು ಹೋಗುತ್ತದೆ, ಉಳಿದ ಮುಖವೆಲ್ಲ ನೆರಳಿನಲ್ಲಿದೆ, ಭಾವಚಿತ್ರಕ್ಕೆ ಪ್ರಾಣವೆಂದು ನಾವು ನಂಬಿರುವ ಕಣ್ಣುಗಳೂ ನೆರಳಿನಲ್ಲೇ ಇವೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಆ ಕಣ್ಣುಗಳು ನಮ್ಮನ್ನೇ ದಿಟ್ಟಿಸುತ್ತಿರುವುದು ನಿಧಾನವಾಗಿ ತಿಳಿಯುತ್ತದೆ. ಕೆದರಿದ ಗುಂಗುರು ಕೂದಲನ್ನು ಮೂಡಿಸಲು ಕುಂಚದ ಹಿಂಬದಿಯಿಂದ ಹಸಿ ಬಣ್ಣವನ್ನು ಕೆರೆದಿರುವ ಗೆರೆಗಳೂ ಕಾಣುತ್ತವೆ. ಮೊಬೈಲ್ ಕ್ಯಾಮೆರಾ ಇಂಥ ದೃಶ್ಯವನ್ನು ತಾನಾಗಿ ಎಂದೂ ತೆಗೆಯುವುದಿಲ್ಲ, ಏಕೆಂದರೆ ಕತ್ತಲಿರುವ ಕಡೆಯನ್ನೆಲ್ಲ ಬೆಳಗಿಸಿ ಕೊಡುವಂತೆ ಅದನ್ನು ರೂಪಿಸಲಾಗಿದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣವನ್ನು, ಕೈಯಿಂದಲೇ ಒಂದೆರಡು ಹಂತ ತಗ್ಗಿಸಿ, ಕೋಣೆಯ ದೀಪಗಳನ್ನು ಆರಿಸಿ, ಒಂದೇ ಕಿಟಕಿಯ ಪಕ್ಕದಲ್ಲಿ ಎದುರಿನವರನ್ನು ಕೂರಿಸಿ, ಅವರ ಮುಖವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನೋಡಿದರೆ ಈ ಪಾಠದ ಬಹುಭಾಗ ಮನೆಯಲ್ಲೇ ಕೈಗೆ ಬರುತ್ತದೆ. ನಮ್ಮಲ್ಲಿನ ಕಪ್ಪು, ಕಂದು ಮೈಬಣ್ಣಗಳಿಗೆ ಇದು ಇನ್ನೂ ಮುಖ್ಯ. ಎದುರಿನಿಂದ ಹೊಡೆದ ಫ್ಲ್ಯಾಶ್ ಅವುಗಳ ಛಾಯೆಗಳ ಏರಿಳಿತವನ್ನೇ ಅಳಿಸಿಹಾಕುತ್ತದೆ, ಪಕ್ಕದ ಕಿಟಕಿಯ ಬೆಳಕು ಅದನ್ನು ಎತ್ತಿ ತೋರಿಸುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ ಯೊಹಾನೆಸ್ ವೆರ್‌ಸ್ಪ್ರಾಂಕ್ 1641ರಲ್ಲಿ ಬರೆದ, ನೀಲಿ ಉಡುಪಿನ ಬಾಲಕಿಯ ಚಿತ್ರವಿದೆ. ಕೈಯಲ್ಲೊಂದು ಗರಿಯ ಬೀಸಣಿಗೆ, ಹಿಂದೆ ಏನೂ ಇಲ್ಲದ ಬೂದುಬಣ್ಣದ ಬಯಲು, ಮುಖದ ಮೇಲೆ ತುಂಬ ಮೆದುವಾದ ನೆರಳು. ಮಕ್ಕಳ ಚಿತ್ರ ತೆಗೆಯುವವರು ಇದನ್ನು ಇಳಿಸಿಕೊಂಡು ಕಪ್ಪು ಬಿಳುಪಿಗೆ ಬದಲಾಯಿಸಿ, ಬೆರಳಗಲಕ್ಕೆ ಕುಗ್ಗಿಸಿ ನೋಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅಷ್ಟು ಚಿಕ್ಕದಾದ ಮೇಲೂ ಮುಖ ಎಲ್ಲಿದೆಯೆಂದು ತಟ್ಟನೆ ತಿಳಿಯುತ್ತದೆ. ಹಿನ್ನೆಲೆಯನ್ನು ಮಸುಕುಗೊಳಿಸುವ ಪೋರ್ಟ್ರೇಟ್ ಮೋಡ್ ಇಲ್ಲದೆಯೇ ತಿಳಿ-ಗಾಢ ಛಾಯೆಗಳ ಏರಿಳಿತವೊಂದೇ ಆ ಕೆಲಸವನ್ನು ಮಾಡಿದೆ.

ಮದುವೆಮನೆಯ ಗುಂಪುಚಿತ್ರಗಳಿಂದ ಬೇಸತ್ತವರಿಗೆ ರೆಂಬ್ರಾಂಟ್‌ನ 1662ರ ಚಿತ್ರ, ಬಟ್ಟೆಯ ಗುಣಮಟ್ಟ ಪರೀಕ್ಷಿಸುವ ಸಂಘದ ಅಧಿಕಾರಿಗಳದ್ದು, ಬಹಳಷ್ಟನ್ನು ಕಲಿಸುತ್ತದೆ. ಟೋಪಿ ಧರಿಸಿದ ಐವರು, ಬರಿತಲೆಯಲ್ಲಿ ಹಿಂದೆ ನಿಂತ ಒಬ್ಬ ಸೇವಕ, ಕೆಂಪು ಕಂಬಳಿ ಹಾಸಿದ ಮೇಜು. ಎಲ್ಲರ ತಲೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೂ ಸಾಲು ಜಡವಾಗಿಲ್ಲ, ಏಕೆಂದರೆ ಒಬ್ಬನು ಆಸನದಿಂದ ಅರ್ಧ ಎದ್ದಿದ್ದಾನೆ, ನಾವು ಈಗಷ್ಟೇ ಒಳಗೆ ಬಂದಂತೆ ಎಲ್ಲರೂ ತಲೆಯೆತ್ತಿದ್ದಾರೆ. ಆಕೃತಿಗಳ ಜಾಗವನ್ನು ಚಿತ್ರಕಾರ ಮತ್ತೆ ಮತ್ತೆ ಬದಲಾಯಿಸಿದ್ದನೆಂದು ಎಕ್ಸ್‌-ರೇ ಪರೀಕ್ಷೆ ತೋರಿಸಿದೆ. ಒಂದೇ ಕ್ಲಿಕ್ಕಿಗೆ ತೃಪ್ತಿಪಡುವ ನಮಗೆ ಇದು ನೆನಪಿರಬೇಕು. ನೋಟದ ಎತ್ತರವನ್ನೂ ಗಮನಿಸಿ: ಮೇಜಿಗಿಂತ ತಗ್ಗಿನಿಂದ ನೋಡಿದಂತಿರುವುದರಿಂದಲೇ ಕುಳಿತವರಿಗೆ ಅಷ್ಟು ಘನತೆ ಬಂದಿದೆ. ದಂಪತಿಗಳ ಚಿತ್ರಕ್ಕೆ ಫ್ರಾನ್ಸ್ ಹಾಲ್ಸ್ 1622ರ ಸುಮಾರಿಗೆ ಬರೆದ, ಮರದಡಿ ಒಬ್ಬರಿಗೊಬ್ಬರು ಒರಗಿ ನಗುತ್ತಿರುವ ಐಸಾಕ್ ಮಾಸಾ ಮತ್ತು ಬಿಯಾಟ್ರಿಕ್ಸ್ ಜೋಡಿಯನ್ನು ನೋಡಿದರೆ ಸಾಕು.

ಸೇವೆಯ ಕೊರತೆಗಳನ್ನೂ ಹೇಳಬೇಕು. ದೊಡ್ಡದು ಗಾತ್ರದ್ದು. ಮೇಲೆ ಹೇಳಿದ ರೆಂಬ್ರಾಂಟ್‌ನ ಸ್ವಂತ ಚಿತ್ರ ಕೇವಲ 22.6 ಸೆಂ.ಮೀ. ಎತ್ತರದ್ದು, 1634ರಲ್ಲಿ ಅವನೇ ಬರೆದ ಮಾರ್ಟನ್ ಮತ್ತು ಓಪ್ಯೆನ್ ದಂಪತಿಯ ಜೋಡಿಚಿತ್ರಗಳು ಎರಡು ಮೀಟರಿಗೂ ಎತ್ತರ. ಪರದೆಯ ಮೇಲೆ ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ. ಅಳತೆಯನ್ನು ಮಾಹಿತಿಯಲ್ಲಿ ಕೊಟ್ಟಿದ್ದರೂ ಮುಖವೊಂದು ನಿಜವಾದ ಮುಖದಷ್ಟೇ ದೊಡ್ಡದಾಗಿ ಎದುರು ನಿಂತಾಗಿನ ಪರಿಣಾಮ ಅಂಕಿಗಳಿಂದ ಸಿಗುವುದಿಲ್ಲ. ಅದಕ್ಕಾಗಿ ಮೈಸೂರಿನ ಜಗನ್ಮೋಹನ ಅರಮನೆಯಂಥ ಜಾಗಕ್ಕೆ ಹೋಗಿ, ಚಿತ್ರಕಾರ ಹಲ್ದಣಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆಯೇ ನಿಲ್ಲಬೇಕು. ವಿವರಣೆಗಳು ಡಚ್ ಮತ್ತು ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಇಲ್ಲ.

ಇನ್ನು ಎಲ್ಲರೂ ಹೊಗಳುವ, ರೆಂಬ್ರಾಂಟ್‌ನದೇ ಆದ ‘ನೈಟ್ ವಾಚ್’ ಚಿತ್ರದ 2022ರ ಛಾಯಾಪ್ರತಿ. 8,439 ಫೋಟೋಗಳನ್ನು ಜೋಡಿಸಿ ಮಾಡಿದ ಅದು 717 ಗಿಗಾಪಿಕ್ಸೆಲ್‌ಗಳದ್ದು, ಅಂದರೆ 71,700 ಕೋಟಿ ಚುಕ್ಕೆಗಳದ್ದು, ಬೆರಗುಗೊಳಿಸುವ ಸಾಧನೆ. ಆದರೆ ಅಷ್ಟು ಹತ್ತಿರ ಹೋದರೆ ಕಾಣುವುದು ಬಣ್ಣದ ಕಣ, ಬಿರುಕುಗಳೇ ಹೊರತು ಬೆಳಕಿನ ನಡೆಯಲ್ಲ. ಚಿತ್ರಸಂರಕ್ಷಕರಿಗೆ ಅದು ಅಮೂಲ್ಯ, ನಮಗೆ ಅಷ್ಟಿಲ್ಲ. ಹೊಸದಾಗಿ ಬರುವವರು ಅದನ್ನು ಬದಿಗಿಟ್ಟು, 1628ರ ಆ ಪುಟ್ಟ ಮುಖ, ವೆರ್‌ಸ್ಪ್ರಾಂಕ್‌ನ ಬಾಲಕಿ, ಮತ್ತು ರೆಂಬ್ರಾಂಟ್ ತನ್ನ ಮಗ ಟೀಟಸ್‌ನನ್ನು ಸನ್ಯಾಸಿಯ ವೇಷದಲ್ಲಿ ಕಂದಿನ ಮೇಲೆ ಕಂದು ಹಚ್ಚಿ ಬರೆದ 1660ರ ಚಿತ್ರ, ಈ ಮೂರನ್ನು ಮೊದಲು ಇಳಿಸಿಕೊಳ್ಳಲಿ.