ಬಫರ್ ಟ್ಯೂಬಿಗೆ ಯಾವ ಹೊದಿಕೆ? ಎಆರ್ ಪಿಸ್ತೂಲಿನ ಮೇಲೆ ನಾಲ್ಕು ಬಗೆಗಳ ಹೋಲಿಕೆ

ನನ್ನ ಬಳಿ ಇರುವುದು 10.5 ಇಂಚು ನಳಿಗೆಯ ಎಆರ್, ಅಂದರೆ ಎಆರ್-15 ರೈಫಲಿನ ಮಾದರಿಯ ಪಿಸ್ತೂಲು. ನೋಟಕ್ಕೆ ಅದು ರೈಫಲಿನ ತಮ್ಮನಂತಿದ್ದರೂ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಪಿಸ್ತೂಲು, ಏಕೆಂದರೆ ಅದರ ಹಿಂಬದಿಯಲ್ಲಿ ಭುಜಕ್ಕೊತ್ತುವ ಸ್ಟಾಕ್ ಇಲ್ಲ. ಇರುವುದು ಬಫರ್ ಎಂಬ ತೂಕದ ತುಂಡನ್ನೂ ಸ್ಪ್ರಿಂಗನ್ನೂ ಒಳಗಿಟ್ಟುಕೊಂಡ ಬರಿಯ ಅಲ್ಯೂಮಿನಿಯಂ ಟ್ಯೂಬ್. ಗುಂಡು ಹಾರಿದಾಗ ಒಳಗಿನ ಚಲಿಸುವ ಭಾಗವಾದ ಬೋಲ್ಟ್ ಕ್ಯಾರಿಯರ್ ಹಿಂದಕ್ಕೆ ಸರಿಯುವುದು ಈ ಟ್ಯೂಬಿನೊಳಗೇ ಆದ್ದರಿಂದ ಬೇಡವೆಂದು ಅದನ್ನು ಕಳಚಿಡುವಂತಿಲ್ಲ. ಟೆಕ್ಸಸ್‌ನ ಜುಲೈ ತಿಂಗಳಲ್ಲಿ, ನೆರಳಿಲ್ಲದ ಬಯಲು ರೇಂಜಿನ ಮೇಜಿನ ಮೇಲೆ ಅರ್ಧ ಗಂಟೆ ಕಾದಿದ್ದ ಆ ಟ್ಯೂಬಿಗೆ ಒಮ್ಮೆ ಕೆನ್ನೆ ತಾಗಿಸಿದವರಿಗೆ ಹೊದಿಕೆ ಏಕೆ ಬೇಕೆಂದು ವಿವರಿಸಬೇಕಾಗಿಲ್ಲ.

ಮೊದಲು ನನ್ನ ಪಿಸ್ತೂಲಿನಲ್ಲಿ ಮುಂದೋಳಿಗೆ ಕಟ್ಟಿಕೊಳ್ಳುವ ಬ್ರೇಸ್ ಇತ್ತು. ಬ್ರೇಸ್ ಇರುವ ಪಿಸ್ತೂಲುಗಳಲ್ಲಿ ಬಹುಪಾಲನ್ನು ಗಿಡ್ಡ ನಳಿಗೆಯ ರೈಫಲುಗಳೆಂದೇ ಎಣಿಸುವ ನಿಯಮವನ್ನು ಬಂದೂಕುಗಳ ಮೇಲ್ವಿಚಾರಣೆಯ ಒಕ್ಕೂಟ ಸಂಸ್ಥೆಯಾದ ಎಟಿಎಫ್ 2023ರ ಜನವರಿಯಲ್ಲಿ ಹೊರಡಿಸಿದಾಗ ನಾನು ಅದನ್ನು ಕಳಚಿದೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ 16 ಇಂಚಿಗಿಂತ ಕಿರಿದಾದ ನಳಿಗೆಯುಳ್ಳ ರೈಫಲನ್ನು ನೋಂದಾಯಿಸದೆ ಇಟ್ಟುಕೊಂಡವರಿಗೆ 10 ವರ್ಷಗಳವರೆಗೆ ಸೆರೆವಾಸವಾಗಬಹುದು. ಅಂಥದ್ದರಲ್ಲಿ ಧೈರ್ಯ ತೋರಿಸುವುದು ಜಾಣತನವೆಂದು ನನಗೆ ಅನ್ನಿಸಲಿಲ್ಲ. ಟೆಕ್ಸಸ್‌ನ ಒಕ್ಕೂಟ ನ್ಯಾಯಾಲಯವೊಂದು 2024ರ ಜೂನ್‌ನಲ್ಲಿ ಆ ನಿಯಮವನ್ನು ರದ್ದುಪಡಿಸಿತು. ಅಷ್ಟರಲ್ಲಿ ಬ್ರೇಸ್ ಇಲ್ಲದ ಹಗುರತನಕ್ಕೆ ಕೈ ಒಗ್ಗಿಹೋಗಿತ್ತು. ನೋಂದಣಿಗೆ ತೆರಬೇಕಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಗಿಳಿದಿರುವಾಗ ನೇರವಾಗಿ ಸ್ಟಾಕನ್ನೇ ಹಾಕಿಸಿಕೊಳ್ಳಬಾರದೇಕೆ ಎಂದು ಗೆಳೆಯರು ಕೇಳುತ್ತಾರೆ. ತೆರಿಗೆ ಹೋಗಿದೆ, ನೋಂದಣಿ ಹೋಗಿಲ್ಲ. ಅರ್ಜಿ, ಬೆರಳಚ್ಚು, ಭಾವಚಿತ್ರಗಳ ಜೊತೆಗೆ, ಬೇರೆ ರಾಜ್ಯಕ್ಕೆ ಒಯ್ಯುವಾಗಲೆಲ್ಲ ಮುಂಚಿತ ಅನುಮತಿಯೂ ಬೇಕು. ಲೂಸಿಯಾನದಲ್ಲಿರುವ ಗೆಳೆಯನ ಜಮೀನಿಗೆ ತಿಂಗಳಿಗೊಮ್ಮೆ ಹೋಗಿಬರುವ ನನಗೆ ಪಿಸ್ತೂಲು ಪಿಸ್ತೂಲಾಗಿಯೇ ಇರುವುದು ಅನುಕೂಲ. ಇದೆಲ್ಲ ಒಕ್ಕೂಟ ಕಾನೂನಿನ ಮಾತು. ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಇಂಥ ಪಿಸ್ತೂಲಿಗೇ ಬೇರೆ ಕಟ್ಟುಪಾಡುಗಳಿವೆ.

ಹೀಗಾಗಿ ನಾನು ಇಟ್ಟುಕೊಂಡ ಮೊದಲ ಒರೆಗಲ್ಲು ತೀರ ಸರಳವಾದದ್ದು: ಹೊದಿಕೆ ಕೆನ್ನೆ ತಾಗುವ ಕಡೆ ಇರಬೇಕು, ಟ್ಯೂಬಿನ ಹಿಂತುದಿಯಿಂದಾಚೆಗೆ ಚಾಚಿರಬಾರದು, ಹಿಂಬದಿಯನ್ನು ಅಗಲಗೊಳಿಸಲೂಬಾರದು. ಭುಜಕ್ಕೆ ಆನಿಸಿ ಹಾರಿಸಲೆಂದು ರೂಪಿಸಿದ್ದೇ ರೈಫಲ್ ಎಂಬುದು ಕಾಯ್ದೆಯ ವ್ಯಾಖ್ಯೆಯ ತಿರುಳಾಗಿರುವಾಗ, ಕೆನ್ನೆಯ ಆಸರೆಯ ಹೆಸರಿನಲ್ಲಿ ಭುಜಕ್ಕೆ ಹೊಂದುವಂಥ ರಬ್ಬರ್ ತಟ್ಟೆಯನ್ನು ಹಿಂದುಗಡೆ ಕೂರಿಸಿಕೊಂಡ ಸಾಮಾನನ್ನು, ಮಾರುವವರು ಏನೇ ಹೇಳಲಿ, ನಾನು ಕೊಳ್ಳಲಿಲ್ಲ.

ಹೊದಿಕೆಗೂ ಮೊದಲು ಟ್ಯೂಬನ್ನು ನೋಡಬೇಕು. ರೈಫಲಿನ ಜಾರುವ ಸ್ಟಾಕಿಗೆಂದು ಮಾಡಿದ ಕಾರ್ಬೈನ್ ಟ್ಯೂಬಿನ ಹೊರವ್ಯಾಸ ಸೇನೆಯ ಅಳತೆಯ ಮಿಲ್-ಸ್ಪೆಕ್ ಆದರೆ 1.148 ಇಂಚು, ಮಾರುಕಟ್ಟೆಯ ಅಳತೆಯ ಕಮರ್ಷಿಯಲ್ ಆದರೆ 1.168 ಇಂಚು, ಪಿಸ್ತೂಲಿಗೆಂದೇ ಮಾಡಿದ ನುಣುಪಾದ ದುಂಡು ಟ್ಯೂಬುಗಳು ತಯಾರಕರಿಗೊಂದು ಅಳತೆಯಂತೆ 1.2 ಇಂಚಿನ ಆಸುಪಾಸಿನಲ್ಲಿರುತ್ತವೆ. ಕ್ಯಾಲಿಪರ್ ಹಿಡಿಯದೆ ತರಿಸಿದ ಮೊದಲ ಹೊದಿಕೆಯನ್ನು ನಾನು ಹಿಂದಿರುಗಿಸಬೇಕಾಯಿತು. ಇನ್ನೊಂದು ವ್ಯತ್ಯಾಸವೂ ಇದೆ: ಕಾರ್ಬೈನ್ ಟ್ಯೂಬಿನ ಅಡಿಯಲ್ಲಿ ಸ್ಟಾಕ್ ಜಾರಿಸಲು ಏಣು ಇರುವುದರಿಂದ ಮನೆಯಲ್ಲಿರುವ ರೈಫಲಿನ ಸ್ಟಾಕ್ ಅದರಲ್ಲಿ ಕ್ಷಣಮಾತ್ರದಲ್ಲಿ ಕೂರುತ್ತದೆ, ಹಾಗೆ ಕೂತ ಕ್ಷಣವೇ ನೋಂದಣಿಯಿಲ್ಲದ ಗಿಡ್ಡ ರೈಫಲ್ ಸಿದ್ಧವಾದಂತೆ. ದುಂಡು ಟ್ಯೂಬಿನಲ್ಲಿ ಆ ಪ್ರಮಾದಕ್ಕೆ ಎಡೆಯಿಲ್ಲ ಎಂಬ ಕಾರಣಕ್ಕೆ ನಾನು ಅದನ್ನೇ ಆರಿಸಿಕೊಂಡೆ.

ಮೊದಲು ಹಾಕಿದ್ದು ಎಲ್ಲರೂ ಹಾಕುವ ಫೋಮ್ ತೋಳು. ಕೊಟ್ಟದ್ದು ಹದಿನೈದು ಡಾಲರಿನ ಒಳಗೆ. ಸಾಬೂನು ನೀರು ಹಚ್ಚಿ ಜಾರಿಸಿದರೆ ಎರಡು ನಿಮಿಷದ ಕೆಲಸ, ತೂಕ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲಿನ ಕಾವಂತೂ ಕೆನ್ನೆಗೆ ತಟ್ಟುವುದಿಲ್ಲ. ಆದರೆ ಬೆವರನ್ನು ಹೀರಿಕೊಂಡು ಎರಡನೆಯ ತಿಂಗಳಿಗೇ ವಾಸನೆ ಹಿಡಿಯಿತು, ಬಂದೂಕಿನ ಎಣ್ಣೆ ತಾಗಿದ ಮುಂಭಾಗ ಉಬ್ಬಿಕೊಂಡಿತು, ಬೇಸಿಗೆಯಲ್ಲಿ ಹಿಡಿತ ಸಡಿಲಾಗಿ ಕೆನ್ನೆಯ ಜೊತೆಗೇ ಸುತ್ತತೊಡಗಿತು.

ಎರಡನೆಯದು ಅಂಗಡಿಯದ್ದಲ್ಲ. ಬೆಂಗಳೂರಿನಿಂದ ತಂದಿದ್ದ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪೊಂದು ಗ್ಯಾರೇಜಿನಲ್ಲಿ ಬಿದ್ದಿತ್ತು. ಬ್ಯಾಟಿನ ಹಿಡಿಗೆ ಏರಿಸುವಂತೆಯೇ ಅದನ್ನು ಸುರುಳಿ ಮಾಡಿ ಟ್ಯೂಬಿಗೆ ಏರಿಸಿ, ಹೆಚ್ಚಾದದ್ದನ್ನು ಕತ್ತರಿಸಿದೆ. ಹಾಸ್ಯಕ್ಕೆಂದು ಮಾಡಿದ ಕೆಲಸ ಫೋಮಿಗಿಂತ ಬಾಳಿತು. ಅದು ಸುತ್ತುವುದಿಲ್ಲ, ಬೆವರು ಹೀರುವುದಿಲ್ಲ, ಒರೆಸಿದರೆ ಶುಚಿಯಾಗುತ್ತದೆ. ಎರಡು ದಿನದ ಗಡ್ಡವನ್ನು ಮಾತ್ರ ಹಿಡಿದೆಳೆಯುತ್ತದೆ.

ಆದರೂ ಈ ಎರಡರಲ್ಲಿಯೂ ಗುಂಡುಗಳ ಚದುರಾಟ ಬರಿಯ ಟ್ಯೂಬಿನಷ್ಟೇ ಇತ್ತು, ಮತ್ತು ಅದರ ಕಾರಣ ಹೊಳೆಯಲು ನನಗೆ ಕೆಲವು ತಿಂಗಳೇ ಬೇಕಾದವು. ಮಡಿಕೇರಿಯ ಹತ್ತಿರ ನಮ್ಮ ಅಜ್ಜನ ಮನೆಯಲ್ಲಿದ್ದ ಜೋಡುನಳಿಗೆ ಕೋವಿಯ ಮರದ ಸ್ಟಾಕಿಗೆ ಕೆನ್ನೆಯಿಟ್ಟರೆ ಕಣ್ಣು ತಾನಾಗಿಯೇ ನಳಿಗೆಯ ತುದಿಯ ಮಣಿಯ ನೇರಕ್ಕೆ ಬರುತ್ತಿತ್ತು. ಆ ಮರದಲ್ಲಿ ಮೆತ್ತನೆಯದೆಂಬುದು ಏನೂ ಇರಲಿಲ್ಲ, ಇದ್ದದ್ದು ಸರಿಯಾದ ಎತ್ತರ. ಎಆರ್‌ನಲ್ಲಿ ಬಫರ್ ಟ್ಯೂಬ್ ನಳಿಗೆಯ ನೇರದಲ್ಲಿಯೇ ಹಿಂದಕ್ಕೆ ಸಾಗುತ್ತದೆ, ಕೆಂಪು ಚುಕ್ಕೆಯಿಂದ ಗುರಿ ತೋರುವ, ಸಾಮಾನ್ಯ ಎತ್ತರದ ರೆಡ್ ಡಾಟ್ ಸೈಟಿನ ನಡುಭಾಗವೋ ನಳಿಗೆಯ ನಡುರೇಖೆಯಿಂದ ಸುಮಾರು 2.6 ಇಂಚು ಮೇಲಿರುತ್ತದೆ. ಟ್ಯೂಬಿನ ಅರ್ಧ ದಪ್ಪವನ್ನು ಕಳೆದರೆ ಅದರ ನೆತ್ತಿಯಿಂದ ಕಣ್ಣು ಸುಮಾರು 2 ಇಂಚು ಮೇಲೆ ನಿಲ್ಲಬೇಕು. ನನ್ನ ಮುಖಕ್ಕೆ ಅದು ಹೊಂದುವುದಿಲ್ಲ. ಕೆನ್ನೆ ಗಟ್ಟಿಯಾಗಿ ಕೂತರೆ ಚುಕ್ಕೆ ಕಾಣದು, ಚುಕ್ಕೆ ಕಂಡರೆ ಟ್ಯೂಬಿಗೆ ತಾಗಿರುವುದು ಬರೀ ದವಡೆ. ಕಾಲಿಂಚು ಫೋಮ್ ಆ ಅಂತರವನ್ನು ತುಂಬುವಂತೆ ಕಂಡರೂ ಒತ್ತಿದೊಡನೆ ಕುಗ್ಗಿಬಿಡುತ್ತದೆ.

ಎತ್ತರದ ಲೆಕ್ಕ ತಿಳಿದ ಮೇಲೆ ತಂದದ್ದು ರೈಫಲ್ ಸ್ಟಾಕಿಗೆಂದು ಹೊಲಿದ, ವೆಲ್ಕ್ರೋ ಪಟ್ಟಿಯಿಂದ ಕಟ್ಟುವ ಬಟ್ಟೆಯ ದಿಂಬು. ಒಳಗಿಡುವ ಹಾಳೆಗಳಿಂದ ಎತ್ತರವನ್ನು ಬೇಕಾದಂತೆ ಏರಿಸಬಹುದಾದ್ದರಿಂದ ಅದರ ಮೇಲೆ ಬಹಳ ಆಸೆಯಿತ್ತು. ದುಂಡು ಟ್ಯೂಬಿನ ಮೇಲೆ ಅದು ಒಂದು ಮ್ಯಾಗಜಿನ್ ಮುಗಿಯುವಷ್ಟರಲ್ಲಿ ಪಕ್ಕಕ್ಕೆ ವಾಲಿತು. ಬಿಗಿಯಾಗಿ ಕಟ್ಟಿದರೆ ಪಟ್ಟಿಯ ಗಂಟು ಕೆಳಗಿನಿಂದ ಅಂಗೈಗೆ ಚುಚ್ಚುತ್ತದೆ. ಅದರ ಕೆಲಸ ಚಪ್ಪಟೆ ಮೈಯ ಸ್ಟಾಕಿನ ಮೇಲೆ, ಪಿಸ್ತೂಲಿಗೆ ಬೇಡ.

ನಾಲ್ಕನೆಯದು ಗಟ್ಟಿ ಪಾಲಿಮರ್ ಕವಚ, ಅದರ ನೆತ್ತಿಗೆ ಸ್ಕ್ರೂನಿಂದ ಬಿಗಿಯುವ ಜೀನಿನಾಕಾರದ ಚೀಕ್ ರೆಸ್ಟ್, ಅಂದರೆ ಕೆನ್ನೆಯ ಆಸರೆ. ಬೆಲೆ ಫೋಮಿನ ನಾಲ್ಕು ಪಟ್ಟಿನಷ್ಟು, ಜೋಡಿಸಲು ಇಪ್ಪತ್ತು ನಿಮಿಷ. ಕೂರಿಸಿದ ಮೊದಲ ದಿನವೇ 25 ಗಜದಲ್ಲಿಯೂ 50 ಗಜದಲ್ಲಿಯೂ ಪಿಸ್ತೂಲು ಎತ್ತಿದೊಡನೆ ಚುಕ್ಕೆ ಹುಡುಕದೆಯೇ ಸಿಗತೊಡಗಿತು. ಕವಚದ ಪಕ್ಕದಲ್ಲಿ ಸ್ಲಿಂಗ್ (ನೇತುಹಾಕಿಕೊಳ್ಳುವ ಪಟ್ಟಿ) ಸಿಕ್ಕಿಸುವ ಗೂಡು ಇದ್ದದ್ದು ನನ್ನ ಮಟ್ಟಿಗೆ ಚೀಕ್ ರೆಸ್ಟಿನಷ್ಟೇ ಮುಖ್ಯವಾಯಿತು: ಕತ್ತಿನ ಸುತ್ತ ಸ್ಲಿಂಗ್ ಹಾಕಿಕೊಂಡು ಎರಡೂ ಕೈಗಳಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ ಅದನ್ನು ಬಿಗಿಯಾಗಿಸಿದರೆ ಹಿಂದಿನಿಂದ ಸ್ಲಿಂಗ್, ಮೇಲಿನಿಂದ ಕೆನ್ನೆ, ಮುಂದಿನಿಂದ ಕೈಗಳು ಹೀಗೆ ಮೂರು ಕಡೆಯ ಹಿಡಿತ ಸಿಗುತ್ತದೆ, ಭುಜದ ಮಾತೇ ಬರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಇದೆ. ಮುಂದಿನ ಕೈಗೆಂದು ನೆಟ್ಟಗೆ ನಿಲ್ಲುವ ಹಿಡಿಯನ್ನು ಪಿಸ್ತೂಲಿಗೆ ಜೋಡಿಸಿದರೆ ಎಟಿಎಫ್ ಅದನ್ನು ನೋಂದಣಿ ಬೇಕಾದ ಬೇರೊಂದು ವರ್ಗಕ್ಕೆ ಸೇರಿಸುತ್ತದೆ.

ಈ ಕವಚಕ್ಕೂ ಕೊರತೆಗಳಿವೆ. ಹಿಂದೊದೆತದ ಅದುರಾಟಕ್ಕೆ ಸ್ಕ್ರೂಗಳು ಸಡಿಲಗೊಳ್ಳುವುದರಿಂದ ಅವನ್ನು ಹಿಡಿದಿಡುವ ಅಂಟಾದ ನೀಲಿ ಥ್ರೆಡ್‌ಲಾಕರ್ ಹಚ್ಚಲೇಬೇಕು. ಸೊಳ್ಳೆಗೆಂದು ಹಚ್ಚಿಕೊಂಡ ಡೀಟ್ ಇರುವ ಮುಲಾಮು ಕೆನ್ನೆಯಿಂದ ಅದಕ್ಕೆ ಅಂಟಿ ಮೇಲ್ಮೈ ಜಿಗುಟಾಯಿತು. ಕೆಲವು ಪ್ಲಾಸ್ಟಿಕ್‌ಗಳನ್ನು ಡೀಟ್ ಕರಗಿಸುತ್ತದೆಂಬುದು ಗೊತ್ತಿದ್ದೂ ಮಾಡಿಕೊಂಡ ತಪ್ಪು ನನ್ನದೇ. ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಇಯರ್ ಮಫ್: ಜೀನಿನ ಅಂಚು ಮಫ್‌ನ ಬಟ್ಟಲಿನ ಕೆಳಭಾಗಕ್ಕೆ ತಾಗಿ ಅದನ್ನು ಕಿವಿಯಿಂದ ಎತ್ತಿಬಿಡುತ್ತದೆ, ಗಿಡ್ಡ ನಳಿಗೆಯ ಸದ್ದು ಆ ಸಂದಿಯಲ್ಲಿ ನೇರವಾಗಿ ನುಗ್ಗುತ್ತದೆ. ಈಗ ಕಿವಿಯೊಳಗೆ ಫೋಮ್ ಪ್ಲಗ್ ಇಟ್ಟು, ಅದರ ಮೇಲೆ ಬಟ್ಟಲು ತೆಳ್ಳಗಿರುವ ಮಫ್ ಹಾಕಿಕೊಳ್ಳುತ್ತೇನೆ.

ಒಮ್ಮೆ ಹಾರಿಸಿ ನೋಡಬೇಕೆಂದು ರೇಂಜಿಗೆ ಜೊತೆಯಾಗಿ ಬರುವ ನಮ್ಮ ಕನ್ನಡದ ಹುಡುಗರಲ್ಲಿ ಹೆಚ್ಚಿನವರು ಎಚ್-1ಬಿ ವೀಸಾದವರು. ಅಂಥ ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಒಕ್ಕೂಟ ಕಾನೂನು ನಿಷೇಧಿಸಿದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಆ ಕಾಗದ ಕಣ್ಣಾರೆ ಕಂಡ ಹೊರತು ನಾನು ಯಾರ ಕೈಗೂ ಪಿಸ್ತೂಲು ಕೊಡುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಂಡವರೂ ಇದ್ದಾರೆ.

ಈಗ ಟ್ಯೂಬಿನ ಮೇಲಿರುವುದು ಪಾಲಿಮರ್ ಕವಚವೇ. ಸೈಟನ್ನು ಮುಂದೆ 1.93 ಇಂಚಿನ ಎತ್ತರದ ಮೌಂಟಿಗೆ (ಈ ಅಳತೆ ನಳಿಗೆಯ ನಡುರೇಖೆಯಿಂದಲ್ಲ, ಸೈಟ್ ಕೂರುವ ಹಳಿಯಿಂದ) ಬದಲಿಸಿದರೆ ಈಗಿನ ಜೀನು ಅರ್ಧ ಇಂಚು ತಗ್ಗಾಗುತ್ತದೆ, ಅದರ ಅಡಿಗಿಡುವ ತುಂಡು ಪೆಟ್ಟಿಗೆಯಲ್ಲಿಯೇ ಬಂದಿತ್ತು. ಸೈಟ್ ಇಲ್ಲದೆ ಸೊಂಟದೆತ್ತರದ ಚೀಲದಲ್ಲಿ ಒಯ್ಯುವ ಅಭ್ಯಾಸವಿರುವವರಿಗೆ ಮಾತ್ರ ಬ್ಯಾಟಿನ ಗ್ರಿಪ್ಪೇ ಸಾಕು; ನನ್ನದು ಮರಳಿ ಬ್ಯಾಟಿಗೆ ಹೋಗಲಾರದಷ್ಟು ಕತ್ತರಿಸಿಹೋಗಿರುವುದರಿಂದ ಗ್ಯಾರೇಜಿನ ಸುತ್ತಿಗೆಯ ಹಿಡಿಗೆ ಏರಿದೆ.