ಗ್ಲಾಕೋಮಾ ಆಪರೇಷನ್ ಆದ ಕಣ್ಣು ಕೆಂಪಾದರೆ ಮದ್ರಾಸ್ ಐ ಅಂತ ಬಿಡಬೇಡಿ

ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಶರ್ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ) ಟ್ರಾಬೆಕ್ಯುಲೆಕ್ಟಮಿ ಅನ್ನೋ ಆಪರೇಷನ್ ಆಗಿದ್ದರೆ ದಯವಿಟ್ಟು ಇದನ್ನು ಓದಿ. ಆಪರೇಷನ್ ಆಗಿ ಎಷ್ಟು ವರ್ಷ ಕಳೆದಿದ್ದರೂ ಸರಿ.

ನಮ್ಮ ಅಪ್ಪಯ್ಯನಿಗೆ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಡಗಣ್ಣಿಗೆ ಈ ಆಪರೇಷನ್ ಮಾಡಿದ್ದರು. ಡ್ರಾಪ್ಸ್‌ಗೆ ಬಗ್ಗದ ಕಣ್ಣಿನ ಪ್ರೆಶರ್ ಅದರಿಂದ ಇಳಿಯಿತು. ಆಪರೇಷನ್ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಡಿಸ್ಚಾರ್ಜ್ ಮಾಡುವಾಗ ಹೇಳಿದ್ದು ತಲೆಗೆ ನೀರು ಹಾಕಬೇಡಿ, ಭಾರ ಎತ್ತಬೇಡಿ, ಇಷ್ಟೇ. ಮುಂದೆ ಏನಾಗಬಹುದು ಅನ್ನೋದನ್ನು ಯಾರೂ ಹೇಳಲಿಲ್ಲ.

ಈ ಆಪರೇಷನ್‌ನಲ್ಲಿ ಕಣ್ಣೊಳಗಿನ ನೀರು ಹೊರಬರಲು ಸಣ್ಣ ದಾರಿ ಮಾಡುತ್ತಾರೆ. ಆ ನೀರು ಮೇಲ್ರೆಪ್ಪೆಯ ಮರೆಯಲ್ಲಿ, ಬಿಳಿಗುಡ್ಡೆಯ ಮೇಲಿನ ಪೊರೆಯಡಿ ಸೇರಿ ಗುಳ್ಳೆಯ ಹಾಗೆ ಉಬ್ಬುತ್ತದೆ. ಡಾಕ್ಟರು ಅದಕ್ಕೆ ಬ್ಲೆಬ್ ಅನ್ನುತ್ತಾರೆ. ದಾರಿ ಮುಚ್ಚಿಕೊಳ್ಳಬಾರದೆಂದು ಸಾಮಾನ್ಯವಾಗಿ ಮೈಟೊಮೈಸಿನ್ ಅನ್ನೋ ಔಷಧಿ ಹಚ್ಚುತ್ತಾರೆ. ಅದರಿಂದ ಪೊರೆ ತೀರಾ ತೆಳುವಾಗಿ ಸೋರಲೂಬಹುದು. ಆಗ ಸೋಂಕು ನೇರ ಕಣ್ಣೊಳಗೇ ಇಳಿಯಬಹುದು. ಈ ಅಪಾಯ ಅಪರೂಪ, ಆದರೆ ಜೀವನಪೂರ್ತಿ ಇರುವಂಥದ್ದು.

ಮಳೆಗಾಲದಲ್ಲಿ ಊರಲ್ಲೆಲ್ಲ ಮದ್ರಾಸ್ ಐ ಇತ್ತು. ಅಪ್ಪಯ್ಯನ ಕಣ್ಣೂ ಕೆಂಪಾಯಿತು. ಪೇಟೆಯ ಕ್ಲಿನಿಕ್‌ನಲ್ಲಿ ಹಳೇ ಆಪರೇಷನ್ ವಿಷಯ ಹೇಳಿದೆವು. ರೆಪ್ಪೆ ಎತ್ತಿ ಕೂಡ ನೋಡಲಿಲ್ಲ, ಸುಮ್ನೆ ಡ್ರಾಪ್ಸ್ ಬರೆದುಕೊಟ್ಟರು. ಮರುದಿನ ನೋವು ಜಾಸ್ತಿಯಾಯಿತು, ಗುಳ್ಳೆ ಕೀವು ತುಂಬಿ ಬೆಳ್ಳಗಾಗಿತ್ತು. "ಎಲ್ಲಾ ಮಂಜು ಮಂಜು ಕಾಣ್ತದೆ ಮಗಾ" ಅಂದರು. ಆ ಮಳೆಯಲ್ಲೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ಕಣ್ಣೊಳಗೇ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಕಣ್ಣು ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಈಗ ಆ ಕಣ್ಣಿಗೆ ಬೆಳಕು ಇದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತದೆ. ಒಂದೇ ಒಂದು ದಿನ ಮೊದಲು ಗುಳ್ಳೆ ನೋಡಿದ್ದರೆ ಅನ್ನೋ ಸಂಕಟ ನಮ್ಮನ್ನು ಬಿಟ್ಟಿಲ್ಲ.

ಆಪರೇಷನ್ ಬೇಡ ಅಂತ ಯಾರೂ ಹಿಂದೆ ಸರಿಯಬೇಡಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನು ಕಾಪಾಡಲು ಎಷ್ಟೋ ಜನರಿಗೆ ಇದು ಬೇಕೇ ಬೇಕು. ಕೆಲವರಿಗೆ ಲೇಸರ್ ಸಾಕಾಗಬಹುದು, ಕೆಲವರಿಗೆ ಕಣ್ಣೊಳಗಿನ ನೀರು ಹೊರಬರಲು ಸಣ್ಣ ಟ್ಯೂಬ್ ಕೂರಿಸಬೇಕಾಗಬಹುದು. ನಿಮಗೆ ಇದೇ ಯಾಕೆ ಅಂತ ಸಹಿ ಹಾಕುವ ಮೊದಲೇ ಕೇಳಿ. ರಾತ್ರಿ ತೊಂದರೆಯಾದರೆ ಎಲ್ಲಿಗೆ ಬರಬೇಕು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ.

ಬ್ಲೆಬ್ ಇರುವ ಕಣ್ಣು ಕೆಂಪಾದರೆ, ನೋವು ಬಂದರೆ, ಪಿಚ್ಚು ಕಟ್ಟಿದರೆ, ಮಂಜಾದರೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಶಾಪಿನ ಡ್ರಾಪ್ಸ್ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಪ್ರೆಶರ್ ಮತ್ತೆ ಏರಬಹುದು. ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. "ಬ್ಲೆಬ್ ಇದೆ, ರೆಪ್ಪೆ ಎತ್ತಿ ನೋಡಿ" ಅಂತ ಬಾಯಿಬಿಟ್ಟು ಹೇಳಿ, ನೋಡುವ ತನಕ ಅಲ್ಲಿಂದ ಏಳಬೇಡಿ.